ಬಾಗಿಲು ತೆರೆದರೆ ಸಾಲದು, ಕೈಹಿಡಿಯುವವರೂ ಬೇಕು

ಪ್ರತಿಭೆಯು ಮನೆತನದ ಸಿರಿಯನ್ನು ನೋಡಿ ಹುಟ್ಟುವುದಿಲ್ಲ. ಆದರೆ ಅದು ಅರಳಬೇಕಾದರೆ ದಾರಿ ಬಲ್ಲವರೊಬ್ಬರು ಜೊತೆಗಿರಬೇಕಾಗುತ್ತದೆ. ಇತಿಹಾಸವು ಈ ಮಾತಿಗೆ ಅನೇಕ ಸಾಕ್ಷ್ಯಗಳನ್ನು ಒದಗಿಸಿದೆ. ಅಮೆರಿಕದ ಒಂದು ನಿದರ್ಶನವನ್ನು ನಾವಿಲ್ಲಿ ಅವಲೋಕಿಸೋಣ.

1959ರಲ್ಲಿ ದಕ್ಷಿಣ ಕೆರೊಲಿನಾ ರಾಜ್ಯದ ಲೇಕ್ ಸಿಟಿ ಎಂಬ ಊರಿನ ಗ್ರಂಥಾಲಯಕ್ಕೆ ಕಪ್ಪು ವರ್ಣದ ಬಾಲಕನೊಬ್ಬನು ಹೋದನು. ಅಲ್ಲಿ ಬಿಳಿಯರಿಗೆ ಮಾತ್ರ ಪುಸ್ತಕಗಳನ್ನು ಕೊಡಲಾಗುತ್ತಿತ್ತು. ಆತನೋ ಪುಸ್ತಕವಿಲ್ಲದೆ ಕದಲಲು ಸಿದ್ಧನಿರಲಿಲ್ಲ. ಪೊಲೀಸರೂ ತಾಯಿಯೂ ಬರಬೇಕಾಯಿತು. ಕೊನೆಗೆ ಪುಸ್ತಕಗಳು ಆತನ ಕೈಸೇರಿದವು ಎಂದು ಅವನ ಸಹೋದರನು ಮುಂದೆ ಸ್ಮರಿಸಿದ್ದಾನೆ. ಆ ಬಾಲಕನೇ ರೊನಾಲ್ಡ್ ಮೆಕ್‌ನೇರ್.

ಅವರ ತಂದೆ ವಾಹನ ದುರಸ್ತಿಗಾರರು, ತಾಯಿ ಶಿಕ್ಷಕಿ. ಉತ್ತರ ಕೆರೊಲಿನಾದಲ್ಲಿ 1971ರಲ್ಲಿ ಭೌತಶಾಸ್ತ್ರದ ಪದವಿ ಪಡೆದ ಅವರು, 1976ರಲ್ಲಿ ಪ್ರಸಿದ್ಧ ಎಂಐಟಿ ಸಂಸ್ಥೆಯಿಂದ ಪಿಎಚ್.ಡಿ. ಗಳಿಸಿದರು. ಲೇಸರ್ ಕಿರಣಗಳು ಅವರ ಸಂಶೋಧನೆಯ ಕ್ಷೇತ್ರವಾಗಿದ್ದವು. 1984ರಲ್ಲಿ ಅವರು ಬಾಹ್ಯಾಕಾಶಕ್ಕೆ ತೆರಳಿದರು. 1986ರ ಜನವರಿ 28ರಂದು ಚಾಲೆಂಜರ್ ನೌಕೆಯು ಗಗನಕ್ಕೇರಿದ 73 ಸೆಕೆಂಡುಗಳಲ್ಲೇ ಛಿದ್ರವಾದಾಗ ಮೃತರಾದ ಏಳು ಮಂದಿಯಲ್ಲಿ ಅವರೂ ಒಬ್ಬರು.

ಅವರ ನೆನಪಿಗೆ ಆ ದೇಶವು ಕೇವಲ ಪ್ರತಿಮೆಯನ್ನು ನಿಲ್ಲಿಸಿ ಸುಮ್ಮನಾಗಲಿಲ್ಲ. ಅಮೆರಿಕದ ಸಂಸತ್ತು ಅದೇ ವರ್ಷ ಅವರ ಹೆಸರಿನಲ್ಲಿ ಶಿಕ್ಷಣ ಯೋಜನೆಯೊಂದನ್ನು ರೂಪಿಸಿತು. ಅದರಲ್ಲಿ ಆಯ್ಕೆಯಾಗುವವರ ಪೈಕಿ ಮೂರನೇ ಎರಡರಷ್ಟು ಮಂದಿ ಬಡ ಕುಟುಂಬದವರೂ ಮನೆಯಲ್ಲಿ ಮೊದಲ ಬಾರಿಗೆ ಪದವಿ ಓದುತ್ತಿರುವವರೂ ಆಗಿರಬೇಕು. ಉಳಿದವರು ಉನ್ನತ ವ್ಯಾಸಂಗದಲ್ಲಿ ವಿರಳವಾಗಿರುವ ಸಮುದಾಯಗಳಿಗೆ ಸೇರಿದವರಾಗಿರಬಹುದು.

ಈ ಯೋಜನೆಯ ತಿರುಳು ಹಣವಲ್ಲ, ಗುರುವಿನ ಸಾಮೀಪ್ಯ. ಪದವಿ ವಿದ್ಯಾರ್ಥಿಯು ಒಬ್ಬ ಪ್ರಾಧ್ಯಾಪಕರ ಬಳಿ ಸಂಶೋಧನೆ ನಡೆಸುತ್ತಾನೆ. ಪ್ರಶ್ನೆಯನ್ನು ರೂಪಿಸುವುದು, ವಿಫಲವಾದ ಪ್ರಯೋಗವನ್ನು ಮತ್ತೆ ಮಾಡುವುದು, ಪ್ರಬಂಧ ಬರೆದು ವಿದ್ವಾಂಸರ ಮುಂದೆ ಮಂಡಿಸುವುದು, ಇವನ್ನು ಕಣ್ಣಾರೆ ಕಂಡು ಕಲಿಯುತ್ತಾನೆ. ಪ್ರಯೋಗದ ಸೋಲು ತನ್ನ ಅಯೋಗ್ಯತೆಯ ಗುರುತಲ್ಲ ಎಂಬ ಅರಿವು ಅಲ್ಲಿಯೇ ಮೂಡುತ್ತದೆ. ಮುಂದೆ ಶಿಫಾರಸು ಪತ್ರ ಬರೆಯುವ ಹೊತ್ತಿಗೆ ಆ ಗುರುವಿಗೆ ಶಿಷ್ಯನ ಅಂಕಗಳು ಮಾತ್ರವಲ್ಲ, ಅವನ ಪರಿಶ್ರಮವೂ ತಿಳಿದಿರುತ್ತದೆ.

ವಿದ್ಯಾವಂತರ ಮನೆಯ ಮಗುವಿಗೆ ಎಷ್ಟೋ ವಿಷಯಗಳು ಊಟದ ವೇಳೆಯ ಮಾತಿನಲ್ಲೇ ತಿಳಿದುಬಿಡುತ್ತವೆ. ಉದಾಹರಣೆಗೆ, ಅಮೆರಿಕದಲ್ಲಿ ವಿಜ್ಞಾನದ ಪಿಎಚ್.ಡಿ.ಗೆ ಸೇರುವವರಿಗೆ ಸಾಮಾನ್ಯವಾಗಿ ಬೋಧನಾ ಶುಲ್ಕದ ವಿನಾಯಿತಿಯೂ ಶಿಷ್ಯವೇತನವೂ ದೊರೆಯುತ್ತವೆ. ಇದನ್ನು ಹೇಳುವವರಿಲ್ಲದ ಮಗುವು ವೆಚ್ಚಕ್ಕೆ ಹೆದರಿ ಅರ್ಜಿಯನ್ನೇ ಹಾಕುವುದಿಲ್ಲ. ಅದನ್ನು ಯಾರೂ ತಡೆದಿಲ್ಲ; ಆದರೂ ಅದು ಹೊರಗೇ ಉಳಿಯುತ್ತದೆ.

ನಮ್ಮ ಮನೆಗಳಲ್ಲಿಯೂ ಕುಟುಂಬದ ಮೊದಲ ಪದವೀಧರರಾಗಲಿರುವ ಮಕ್ಕಳಿದ್ದಾರೆ. ಅವರ ಶುಲ್ಕ ಭರಿಸಿದರೆ ನಮ್ಮ ಹೊಣೆ ಮುಗಿಯಿತೆಂದು ನಾವು ಭಾವಿಸುತ್ತೇವೆ. ನಮ್ಮಲ್ಲಿ ಉನ್ನತ ಶಿಕ್ಷಣ ಪಡೆದವರು ವರ್ಷಕ್ಕೆ ಒಬ್ಬ ವಿದ್ಯಾರ್ಥಿಗಾದರೂ ತಮ್ಮ ಸಮಯವನ್ನು ನೀಡಲಾರರೇ? ತಾವು ನಡೆದು ಬಂದ ದಾರಿಯನ್ನು ತೋರಿಸಲಾರರೇ?

ಅಂದು ಮೆಕ್‌ನೇರ್ ಅವರಿಗೆ ಪುಸ್ತಕ ನಿರಾಕರಿಸಿದ ಆ ಗ್ರಂಥಾಲಯದ ಕಟ್ಟಡವು ಇಂದು ಅವರದೇ ಹೆಸರಿನ ವಸ್ತು ಸಂಗ್ರಹಾಲಯವಾಗಿದೆ. ಆದರೆ ಎಲ್ಲ ಮಕ್ಕಳೂ ಅವರಂತೆ ಹಟ ಹಿಡಿದು ಕುಳಿತುಕೊಳ್ಳಲಾರರು. ಸದ್ದಿಲ್ಲದೆ ಹಿಂದಿರುಗುವ ಮಕ್ಕಳೇ ಹೆಚ್ಚು. ಅಂಥವರ ಕೈಹಿಡಿಯುವುದು ನಮ್ಮ ಮೇಲಿರುವ ಋಣ.