ಸಿಚುವಾನ್ ಪ್ರಾಂತವೂ ಮಿನ್ ನದಿಯೂ

ಚೀನಾ ದೇಶದ ನೈಋತ್ಯಕ್ಕಿರುವ ಸಿಚುವಾನ್ ಪ್ರಾಂತಕ್ಕೆ ಆ ದೇಶದವರು ಕೊಟ್ಟಿರುವ ಹಳೆಯ ಬಿರುದು 'ದೇವಲೋಕದ ಕಣಜ'. ಅದರ ಪಶ್ಚಿಮಭಾಗವು ಟಿಬೆಟ್ಟಿನ ಪ್ರಸ್ಥಭೂಮಿಯ ಅಂಚಿನ ಹಿಮಪರ್ವತಗಳ ಸೀಮೆ. ಪೂರ್ವಭಾಗವು ಸುತ್ತಲೂ ಬೆಟ್ಟಗಳಿಂದ ಆವೃತವಾದ, ಬೋಗುಣಿಯಂತಹ ತಗ್ಗುನೆಲ. 8 ಕೋಟಿಗೂ ಮಿಕ್ಕ ಪ್ರಜೆಗಳಲ್ಲಿ ಬಹುಮಂದಿ ಈ ಬೋಗುಣಿಯಲ್ಲಿಯೇ ವಾಸಿಸುವರು. ಬತ್ತ, ಚಹಾ, ರೇಷ್ಮೆ ಇಲ್ಲಿ ಹೇರಳ. ಆದರೆ ಈ ಕಣಜವನ್ನು ತುಂಬಿದುದು ಪ್ರಕೃತಿಯೊಂದೇ ಅಲ್ಲವೆಂಬುದನ್ನು ನಾವು ಗಮನಿಸಬೇಕು.

ಮಿನ್ ನದಿಯು ಉತ್ತರದ ಪರ್ವತಗಳಿಂದ ಧುಮುಕಿ ಚೆಂಗ್ದು ಮೈದಾನವನ್ನು ಹೊಗುವಾಗ ಅದರ ವೇಗವು ತಟ್ಟನೆ ಕುಗ್ಗುವುದು. ಹೊತ್ತುತಂದ ಮರಳು ಜಲ್ಲಿಗಳು ಪಾತ್ರದಲ್ಲಿ ನಿಲ್ಲುವುವು. ನೀರು ದಡ ಮೀರುವುದು. ಕ್ರಿ.ಪೂ. 316ರಲ್ಲಿ ಚಿನ್ ರಾಜ್ಯವು ಈ ಸೀಮೆಯನ್ನು ಗೆದ್ದುಕೊಂಡಿತು. ಅದರ ಸೈನ್ಯಗಳಿಗೆ ಧಾನ್ಯ ಬೇಕಾಗಿತ್ತು. ಪರೋಪಕಾರವೊಂದೇ ಮುಂದಿನ ಕಾರ್ಯಕ್ಕೆ ಮೂಲವೆನ್ನುವಂತಿಲ್ಲ. ಸುಮಾರು ಕ್ರಿ.ಪೂ. 256ರಲ್ಲಿ ಅಲ್ಲಿಯ ಅಧಿಪತಿಯಾದ ಲೀ ಬಿಂಗನು, ಈಗ ದುಜಿಯಾಂಗ್ಯಾನ್ ಎಂದು ಹೆಸರಾದ ಸ್ಥಳದಲ್ಲಿ ಕೆಲಸಕ್ಕೆ ತೊಡಗಿದನು.

ನೀರಾವರಿಯೆಂದೊಡನೆ ನಮ್ಮ ಕಣ್ಣಮುಂದೆ ಬರುವುದು ನದಿಗೆ ಅಡ್ಡಲಾಗಿ ನಿಂತ ಕಟ್ಟೆ. ಲೀ ಬಿಂಗನು ಅಂತಹ ಕಟ್ಟೆಯನ್ನು ಕಟ್ಟಲೇ ಇಲ್ಲ. ಬಿದಿರಿನ ಉದ್ದವಾದ ಬುಟ್ಟಿಗಳಲ್ಲಿ ಕಲ್ಲು ತುಂಬಿಸಿ, ನದಿಯ ನಡುವೆ ಮೀನಿನ ಮೂತಿಯಂತಹ ದಿಣ್ಣೆಯನ್ನು ರಚಿಸಿ, ಪ್ರವಾಹವನ್ನು ಎರಡು ಕವಲಾಗಿ ಸೀಳಿದನು. ಒಳಕವಲು ಕಿರಿದು, ಆಳವಾದುದು. ಹೊರಕವಲು ಅಗಲವಾದುದು, ಆಳ ಕಡಮೆ. ಆದುದರಿಂದ ನೀರು ಇಳಿದಾಗ ಹತ್ತರಲ್ಲಿ ಸುಮಾರು ಆರು ಪಾಲು ಹೊಲಗಳ ಕಡೆಗೂ, ನೆರೆ ಬಂದಾಗ ಆರು ಪಾಲು ಹೊರಕವಲಿಗೂ ತಾನಾಗಿಯೇ ಹರಿಯುವುದು. ಒಳಕವಲಿಗೆ ಬೆಟ್ಟವನ್ನು ಕಡಿದು ಇಕ್ಕಟ್ಟಾದ ಬಾಯೊಂದನ್ನು ಮಾಡಿದರು. ಬಂಡೆಯನ್ನು ಬೆಂಕಿಯಿಂದ ಕಾಯಿಸಿ, ನೀರೆರೆದು ಬಿರಿಯಿಸಿದರೆಂದು ಪ್ರತೀತಿ. ಆ ಬಾಯಿ ಹಿಡಿಯಲಾರದಷ್ಟು ನೀರು, ಮರಳನ್ನೂ ಜತೆಗೆ ಕೊಂಡು, ತಗ್ಗಾದ ಒಡ್ಡೊಂದನ್ನು ಹಾದು ಹೊರಕವಲನ್ನು ಸೇರುವುದು.

ಇಷ್ಟಾದರೂ ಹೂಳು ಉಳಿಯದಿರದು. ಪಾತ್ರವನ್ನು ಆಳವಾಗಿ ತೋಡಿ, ಒಡ್ಡನ್ನು ತಗ್ಗಾಗಿ ಇಡಬೇಕೆಂಬುದು ಅಲ್ಲಿಯ ವಿಧಿ. ಚಳಿಗಾಲದಲ್ಲಿ ಮರದ ಮುಕ್ಕಾಲಿಗಳನ್ನು ನಿಲ್ಲಿಸಿ ಕವಲನ್ನು ಮುಚ್ಚಿ, ತಳದಲ್ಲಿ ಹುದುಗಿಸಿದ ಕಬ್ಬಿಣದ ದಿಮ್ಮಿಗಳು ಕಾಣುವವರೆಗೆ ತೋಡುತ್ತಿದ್ದರು. ತಲೆಮಾರುಗಳ ಈ ಅನಾಮಧೇಯ ದುಡಿಮೆಯೇ, ನಮ್ಮ ಅಭಿಪ್ರಾಯದಲ್ಲಿ, ಲೀ ಬಿಂಗನ ಯುಕ್ತಿಗಿಂತ ಹಿರಿದು. ಇಪ್ಪತ್ತನೆಯ ಶತಮಾನದಲ್ಲಿ ಬಿದಿರಿನ ಸ್ಥಾನಕ್ಕೆ ಕಾಂಕ್ರೀಟು ಬಂದಿತು. ಇಂದು 6 ಲಕ್ಷ ಹೆಕ್ಟೇರಿಗೂ ಮಿಕ್ಕ ಭೂಮಿಗೆ ಇಲ್ಲಿಂದ ನೀರು ಹರಿಯುತ್ತಿದೆ.

ಕಣಜವಿದ್ದೂ ಹಸಿವು ತಪ್ಪಲಿಲ್ಲವೆಂಬುದು ಈ ಚರಿತ್ರೆಯ ಕಠೋರವಾದ ಭಾಗ. 1959ರಿಂದ 1961ರವರೆಗಿನ ಕ್ಷಾಮದಲ್ಲಿ ಸಿಚುವಾನಿನಷ್ಟು ಜನರನ್ನು ಕಳೆದುಕೊಂಡ ಪ್ರಾಂತಗಳು ವಿರಳ. ಉಬ್ಬಿಸಿದ ಲೆಕ್ಕಗಳನ್ನು ನಂಬಿ ಸರಕಾರವು ಧಾನ್ಯವನ್ನು ವಸೂಲು ಮಾಡಿ ಹೊರಪ್ರಾಂತಗಳಿಗೆ ಸಾಗಿಸಿತು. ಬೆಳೆದವರೇ ಲಕ್ಷಾಂತರವಾಗಿ ಸತ್ತರು.

ಪ್ರಾಂತದ ಇತರ ಸಂಪತ್ತುಗಳಲ್ಲಿ ಉಪ್ಪು ಮುಖ್ಯವಾದುದು. ಜಿಗೊಂಗಿನಲ್ಲಿ ಬಿದಿರಿನ ಹಗ್ಗ, ಕಬ್ಬಿಣದ ಉಳಿಗಳಿಂದ ಕೊರೆದ ಬಾವಿಯೊಂದು 1835ರಲ್ಲಿ 1,000 ಮೀಟರ್ ಆಳವನ್ನು ದಾಟಿತು. ಉಪ್ಪುನೀರನ್ನು ಕುದಿಸಲು ನೆಲದೊಳಗಿನ ಅನಿಲವನ್ನೇ ಉರಿಸಿದರು. ಪ್ರವಾಸಿಗಳು ಎಮೈ ಪರ್ವತವನ್ನೂ, ಲೇಶಾನಿನಲ್ಲಿ ಬಂಡೆಯಲ್ಲೇ ಕಡೆದ 71 ಮೀಟರ್ ಎತ್ತರದ ಬುದ್ಧನನ್ನೂ ನೋಡಿ ದುಜಿಯಾಂಗ್ಯಾನಿಗೆ ಬರುವರು.

2008ರ ಮೇ 12ರ ಭೂಕಂಪದಲ್ಲಿ ಲೀ ಬಿಂಗನ ಗುಡಿಗೆ ಬಹಳ ಹಾನಿಯಾಯಿತು. ಮೀನಿನ ಮೂತಿಯಲ್ಲಿ ಬಿರುಕುಗಳು ಮಾತ್ರ ಕಂಡವು, ನೀರು ಮೊದಲಿನಂತೆಯೇ ಕವಲೊಡೆದು ಹರಿಯಿತು.