ಪಕ್ಕದಲ್ಲೇ ಇರುವ ಕೋಟೆ

ಕತ್ತಲಗೆರೆ ಕಡೆಯ ಜನರೇ, ರಜೆ ಬಂತೆಂದರೆ ಕಾರು ಸೀದಾ ಚಿತ್ರದುರ್ಗದ ಏಳುಸುತ್ತಿನ ಕೋಟೆಗೆ. ಹೋಗಿ, ತಪ್ಪೇನಿಲ್ಲ. ಆದರೆ ನಿಮ್ಮದೇ ಚನ್ನಗಿರಿಯ ಬೆಟ್ಟದ ಮೇಲೂ ಕೋಟೆ ಇದೆಯಲ್ಲ, ಅದನ್ನು ಹತ್ತಿದ್ದೀರಾ?

ಆ ಊರಿನ ಹೆಸರಲ್ಲಿರೋದು ಕೆಳದಿಯ ರಾಣಿ ಚೆನ್ನಮ್ಮ. ಗಂಡ ಸೋಮಶೇಖರ ನಾಯಕನ ನಂತರ ರಾಜ್ಯ ಆಳಿದ ಹೆಣ್ಣುಮಗಳು. 1689ರಲ್ಲಿ ಶಿವಾಜಿಯ ಮಗ ರಾಜಾರಾಮ ಮೊಘಲರಿಂದ ತಪ್ಪಿಸಿಕೊಂಡು ಜಿಂಜಿಯತ್ತ ಹೊರಟಾಗ ಆಶ್ರಯ ಕೊಟ್ಟವರು. ಔರಂಗಜೇಬನ ಸೈನ್ಯವೇ ಬಂತು. ಆಕೆ ಬಗ್ಗಲಿಲ್ಲ. ನಂಬಿ ಬಂದವನನ್ನು ಬಿಟ್ಟುಕೊಡಲೂ ಇಲ್ಲ.

ಮುಂದಿನ ಭಾನುವಾರ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಿರಿ. ಸಂತೇಬೆನ್ನೂರಿನ ಪುಷ್ಕರಣಿಯನ್ನೂ ತೋರಿಸಿ. ಸೆಲ್ಫಿ ತೆಗೆದುಕೊಳ್ಳಿ, ಆದರೆ ಕಲ್ಲಿನ ಮೇಲೆ ಹೆಸರು ಕೆತ್ತಬೇಡಿ. ಈ ಕಥೆ ನಾವು ಹೇಳದಿದ್ದರೆ ಮಕ್ಕಳಿಗೆ ಅದು ಬರೀ ಕಲ್ಲುಗುಡ್ಡ ಅಷ್ಟೇ.