ಉಡುಪಿ ಹೋಟೆಲ್ ಉದ್ಯಮ

ಉಡುಪಿ ಹೋಟೆಲ್ ಉದ್ಯಮವು ಕರ್ನಾಟಕದ ಕರಾವಳಿಯ ಉಡುಪಿ ಹಾಗೂ ಸುತ್ತಲಿನ ಊರುಗಳವರು ಭಾರತದ ನಗರಗಳಲ್ಲಿ ಬೆಳೆಸಿದ ಸಸ್ಯಾಹಾರಿ ಉಪಾಹಾರ ಗೃಹಗಳ ಉದ್ಯಮ. ಊಟ, ವಸತಿಗಳನ್ನು ಒದಗಿಸುವ ಆತಿಥ್ಯೋದ್ಯಮಕ್ಕೆ ಇದು ಕನ್ನಡನಾಡಿನ ಪ್ರಮುಖ ಕೊಡುಗೆ.

ಇತಿಹಾಸ

1924ರಲ್ಲಿ ಮಯ್ಯ ಸಹೋದರರು ಬೆಂಗಳೂರಿನಲ್ಲಿ ಆರಂಭಿಸಿದ ಹೋಟೆಲು ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಹೆಸರಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಯ ಅಭಾವ ಉಂಟಾದಾಗ ರವೆ ಇಡ್ಲಿಯನ್ನು ಬಳಕೆಗೆ ತಂದ ಕೀರ್ತಿ ಈ ಹೋಟೆಲಿಗೆ ಸಲ್ಲುತ್ತದೆ. ಕೆ. ಕೃಷ್ಣರಾವ್ 1938ರಲ್ಲಿ ಮದ್ರಾಸಿನಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನೂ, ಎ. ರಾಮ ನಾಯಕ್ 1942ರಲ್ಲಿ ಮುಂಬಯಿಯ ಮಾಟುಂಗಾದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನೂ ಸ್ಥಾಪಿಸಿದರು.

ಆರ್ಥಿಕ ಪಾತ್ರ

ಹೋಟೆಲು ಅಲ್ಪ ಬಂಡವಾಳದಲ್ಲಿಯೂ ಹಲವರಿಗೆ ಉದ್ಯೋಗ ನೀಡಬಲ್ಲದು. ಗ್ರಾಹಕರು ತೆತ್ತ ಹಣವು ಅಕ್ಕಿ, ಉದ್ದು, ಕಾಫಿ ಬೆಳೆಗಾರರಿಗೂ, ಹಾಲು ಉತ್ಪಾದಕರಿಗೂ, ಕೂಲಿಯ ರೂಪದಲ್ಲಿ ಕಾರ್ಮಿಕರ ಹಳ್ಳಿಗಳಿಗೂ, ತೆರಿಗೆಯಾಗಿ ಸರ್ಕಾರಕ್ಕೂ ಹಂಚಿಹೋಗುತ್ತದೆ.

ಕಾರ್ಮಿಕರು

ಊಟ, ವಸತಿಯ ಆಸರೆ ಅರಸಿ ಅನೇಕ ಬಡ ಬಾಲಕರು ಈ ಹೋಟೆಲುಗಳನ್ನು ಸೇರಿದರು. ಮುಂಬಯಿಯಲ್ಲಿ ಹಗಲು ದುಡಿದು ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮುಂದೆ ಬಂದವರಿದ್ದಾರೆ; ಲೋಟ, ತಟ್ಟೆ ತೊಳೆಯುವುದರಲ್ಲಿಯೇ ಬಾಲ್ಯ ಕಳೆದುಕೊಂಡವರೂ ಇದ್ದಾರೆ. 14 ವರ್ಷದೊಳಗಿನ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸಿಕೊಳ್ಳುವುದನ್ನು ಕೇಂದ್ರ ಸರ್ಕಾರವು 2006ರ ಅಕ್ಟೋಬರ್ 10ರಿಂದ ನಿಷೇಧಿಸಿತು.